ಅಪ್ಪ ಹಾಕಿದ ಇಂಟು ಗುರುತು

ಮಗಳು ಊರವರ ಹಲ್ಲನ್ನೆಲ್ಲ ತಿಕ್ಕಿ ಫಳಫಳ ಹೊಳೆಸುವ ಡಾಕ್ಟರು. ಮನೆಗೆ ಬಂದರೆ ಮಾತ್ರ ಹೊಳೆಯುವುದನ್ನೆಲ್ಲ ಕೊಳೆ ಮಾಡಲು ಕೂರುತ್ತಿದ್ದಳು. ಆಟಿಕೆ ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಗೂಡ್ಸ್ ವ್ಯಾಗನ್ನುಗಳಿಗೆ ನಿಜದ ಕಳೆ ತರುವ ಹುಚ್ಚು ಅವಳಿಗೆ.

ಅಪ್ಪನ ನೌಕರಿಯೆಲ್ಲ ರೈಲ್ವೆ ಯಾರ್ಡಿನಲ್ಲಿ ವ್ಯಾಗನ್ ತಪಾಸಣೆ ಮಾಡುವುದರಲ್ಲೇ ಸವೆದಿತ್ತು. ಅವರು ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕಿದರೆಂದರೆ ಆ ವ್ಯಾಗನ್ನು ರಿಪೇರಿಯಾಗದೆ ಕದಲುವಂತಿರಲಿಲ್ಲ. ಮಗಳ ಕೈಚಳಕ ಕಂಡಾಗಲೆಲ್ಲ ಅವರು ಮೂಗು ಮುರಿಯುತ್ತಿದ್ದರು.

"ಇದೇನೇ, ಮದುವೆಗೆ ಹೊರಟ ಹಾಗಿದೆ. ಕಲ್ಲಿದ್ದಲು ಹೊತ್ತ ಮುಖಾನಾ ಇದು?"

ಅವಳೇನು ಕಡಿಮೆ ಹಟದವಳಲ್ಲ. ವ್ಯಾಗನ್ನಿನ ದಪ್ಪನೆಯ ಪ್ಲಾಸ್ಟಿಕ್ ಏಣಿಯನ್ನು ಕೆತ್ತಿ ತೆಗೆದು ತಂತಿಯ ಏಣಿ ಅಂಟಿಸಿದಳು. ಹಲ್ಲು ಕೊರೆಯುವ ಹಳೆಯ ಸೂಜಿಯಿಂದ ಅಂಚುಗಳನ್ನು ತೆಳುಮಾಡಿದಳು. ಕಂದು ಬಣ್ಣವನ್ನು ನೀರಾಗಿಸಿ ಬಾಗಿಲ ಬುಡದಲ್ಲಿ ತುಕ್ಕಿನ ಕಲೆ ಮೂಡಿಸಿದಳು. ಕೊನೆಗೆ ಸೀಮೆಸುಣ್ಣ ಅರೆದು ಮೈಗೆಲ್ಲ ಧೂಳು ಮೆತ್ತಿದಳು.

ಭಾನುವಾರ ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮೇಜಿನ ಮೇಲೆ ಉಳಿದಿದ್ದ ಸೀಮೆಸುಣ್ಣದ ಚೂರು ತೆಗೆದುಕೊಂಡು ವ್ಯಾಗನ್ನಿನ ಪಕ್ಕೆಗೆ ಇಂಟು ಗುರುತು ಎಳೆದರು.

"ಬಾಗಿಲ ಬುಡ ತುಕ್ಕು ತಿಂದಿದೆ. ಇದನ್ನ ಲೈನಿಗೆ ಬಿಡಬೇಡಿ, ರಿಪೇರಿಗೆ ಕಳಿಸಿ," ಎಂದರು, ಯಾರ್ಡಿನ ಅದೇ ಗಡಸು ದನಿಯಲ್ಲಿ.

ಹೇಳಿ ಮುಗಿಸಿದ ಮೇಲೆ, ತಾವು ನಿಂತಿರುವುದು ಮಗಳ ಮೇಜಿನ ಮುಂದೆ ಎಂಬುದು ನೆನಪಾಯಿತು. "ತಡಿ, ಒರೆಸಿಬಿಡ್ತೀನಿ," ಎಂದು ನಾಚಿಕೊಂಡು ಜೇಬಿನಲ್ಲಿ ಕರ್ಚೀಫಿಗೆ ತಡಕಾಡಿದರು.

ಅಷ್ಟರಲ್ಲಿ ಮಗಳು ಬಿದ್ದುಬಿದ್ದು ನಗುತ್ತಾ, ಆ ಗುರುತು ಎಂದೂ ಅಳಿಸಿಹೋಗದ ಹಾಗೆ ಅದರ ಮೇಲೆ ವಾರ್ನಿಷ್ ಸಿಂಪಡಿಸಿಬಿಟ್ಟಿದ್ದಳು.