ನಮ್ಮ ಪಾಲಿನ ಹೊದಿಕೆ

ಶವವಾಹನದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ತಂಗಿ ಅದನ್ನು ಹಿಂದಕ್ಕೆ ತೆಗೆದಳು. ಒಳಗೆ ಅಕ್ಕನ ತಲೆಯ ಬಳಿ ಭಾವ ಕುಳಿತಿದ್ದ.

"ಹತ್ತಮ್ಮ, ಹೊತ್ತಾಯ್ತು," ಎಂದ.

"ಭಾವ, ಸುಡೋ ಕಡೆ ಬಂದ್ರೆ ಮೈಗೆ ಹೊಗೆ ತಾಗತ್ತೆ. ಹೊಗೆ ತಾಗಿದವರನ್ನ ಇವತ್ತು ಹೊಲಿಗೆ ಕೋಣೆಗೆ ಬಿಡಲ್ಲ."

"ಇವತ್ತೂ ಕೆಲಸಾನಾ?" ಹಿಂದಿನಿಂದ ಸೋದರತ್ತೆ ಕೇಳಿದಳು. "ನಿಮ್ಮಕ್ಕ ಏನು ದಿನಾ ಸಾಯ್ತಾಳಾ?"

ಹಲವು ದೇಶಗಳು ಸೇರಿ ಹಾರಿಸುವ ಉಪಗ್ರಹದಲ್ಲಿನ ನಮ್ಮ ದೇಶದ ಉಪಕರಣಕ್ಕೆ ಹೊದಿಕೆ ಹೊಲಿಯಲು ಕಲಿತವರು ಅಕ್ಕ ತಂಗಿ ಇಬ್ಬರೇ. ಅಕ್ಕನ ಕೈಯಲ್ಲಿ ಅಂಚಿನ ಹೊಲಿಗೆ ಅರ್ಧಕ್ಕೆ ನಿಂತಿತ್ತು. ಉಪಕರಣದ ಪೆಟ್ಟಿಗೆ ಇವತ್ತಿನ ವಿಮಾನಕ್ಕೆ ಹೋಗಬೇಕಿತ್ತು. ಎಂಜಿನಿಯರ್ ಫೋನಿನಲ್ಲಿ ಒತ್ತಾಯ ಮಾಡಿರಲಿಲ್ಲ. "ತಪ್ಪಿದ್ರೆ ಉಳಿದ ದೇಶದವರು ಕಾಯಲ್ಲ. ನಮ್ಮ ಪೆಟ್ಟಿಗೆ ಜಾಗದಲ್ಲಿ ಅಷ್ಟೇ ತೂಕದ ಲೋಹದ ಗಟ್ಟಿ ಕೂರಿಸಿ ಹಾರಿಸ್ತಾರೆ. ನೀವೇ ಯೋಚನೆ ಮಾಡಿ," ಎಂದಷ್ಟೇ ಹೇಳಿದ್ದ. ಅವನು ಗದರಿದ್ದರೇ ವಾಸಿಯಿತ್ತು.

*

ಕೆಲಸಕ್ಕೆ ಸೇರಿದ ಹೊಸತರಲ್ಲಿ ತಂಗಿ ಕೇಳಿದ್ದಳು, "ಇಷ್ಟೊಂದು ಪದರ ಹೊದಿಸ್ತೀವಲ್ಲ, ಅದಕ್ಕೆ ಅಷ್ಟು ಚಳಿನಾ ಅಕ್ಕಾ?"

"ಅದು ತಣ್ಣಗೇ ಇರ್ಲಿ ಅಂತಾನೇ ಹೊದಿಸೋದು ಕಣೇ. ಜಗತ್ತು ಹುಟ್ಟಿದಾಗಿನ ಬಿಸಿ ಆಕಾಶದಲ್ಲೆಲ್ಲ ಇನ್ನೂ ಚೂರು ಉಳಿದಿದೆಯಂತೆ. ಅದನ್ನ ಅಳೆಯೋವಾಗ ಪಕ್ಕದ ಯಂತ್ರಗಳ ಬಿಸಿ ಅಡ್ಡ ಬರಬಾರದು."

"ಅಳೆದು ಏನು ಮಾಡ್ತಾರೆ?"

"ನಂಗೇನು ಗೊತ್ತು. ಅಂಚು ಬಿಚ್ಕೊಳ್ಳದ ಹಾಗೆ ಹೊಲೀತೀನಿ, ಅಷ್ಟೇ." ಆಮೇಲೆ ತುಸು ನಾಚಿ, "ಆದ್ರೆ ನಮ್ಮ ದೇಶದ್ದೂ ಒಂದು ಅಲ್ಲಿರ್ಬೇಕು ಅಂತ ಆಸೆ," ಎಂದಿದ್ದಳು.

*

ಚಾಲಕ ವಾಹನ ಚಾಲೂ ಮಾಡಿದ.

"ಬರ್ಲಾ, ಹೋಗ್ಲಾ? ನೀವೇ ಹೇಳ್ಬಿಡಿ ಭಾವ."

ಭಾವ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ನನ್ನ ಮೇಲೆ ಹಾಕ್ಬೇಡ. ನೀನು ಹೋದ್ರೆ ನಂಗೆ ಬೇಜಾರಾಗತ್ತೆ. ಬಂದ್ರೆ ಇವಳಿಗೆ."

ತಂಗಿ ಒಳಗೆ ಬಗ್ಗಿ ಅಕ್ಕನ ಕೆನ್ನೆ ಮುಟ್ಟಿದಳು. ಹಿಂದೆ ಸರಿದಳು. ಸೋದರತ್ತೆ ಒಳಗೆ ಹತ್ತಿ ಬಾಗಿಲನ್ನು ಧಡ್ಡನೆ ಎಳೆದುಕೊಂಡಳು.

*

ಧೂಳಿನ ಕಣವೂ ಸುಳಿಯಬಾರದ ಹೊಲಿಗೆ ಕೋಣೆಯಲ್ಲಿ, ಕಣ್ಣಷ್ಟೇ ಕಾಣುವ ಬಿಳಿ ಉಡುಪು ತೊಟ್ಟು, ಅಕ್ಕ ಬಿಟ್ಟಲ್ಲಿಂದ ಸೂಜಿ ಹಾಕಿದಳು. ಸ್ವಲ್ಪ ಹೊತ್ತಿಗೆ ಅಂಚು ಮಸುಕಾಯಿತು. ಕೈಗವಸಿನಿಂದ ಕಣ್ಣು ಒರೆಸುವ ಹಾಗಿಲ್ಲ. ಹೊದಿಕೆಯ ಹಾಳೆಯ ಮೇಲೆ ಒಂದು ಹನಿಯೂ ಬೀಳುವ ಹಾಗಿಲ್ಲ. ಸೂಜಿಯನ್ನು ಎತ್ತಿ ಹಿಡಿದು, ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ನೀರು ಕಿವಿಗಳ ಕಡೆ ಇಳಿಯುವ ತನಕ ಛಾವಣಿ ನೋಡುತ್ತ ಕುಳಿತಳು. ಬಗ್ಗಿ ಇನ್ನೊಂದು ಹೊಲಿಗೆ ಹಾಕಿದಳು. ಮತ್ತೆ ತಲೆ ಹಿಂದಕ್ಕೆ ಚೆಲ್ಲಿದಳು.