ಒಂದು ಸೂಜಿ ಹೆಚ್ಚಿಗೆ

"ಈ ಬೆಳವಣಿಗೆ ಹಾರ್ಮೋನಿನ ಸೂಜಿ ಹಾಕಿಸ್ಲೇಬೇಕು ಅಂತ ನಾ ಹೇಳಂಗಿಲ್ಲ," ಎಂದರು ಸಿಂಧನೂರಿನ ಡಾಕ್ಟರಮ್ಮ. "ಅಂಡಾಣು ಒಂದೆರಡು ಹೆಚ್ಚಿಗಿ ಸಿಗಬಹುದು. ಅದರಿಂದ ಕೂಸು ಆಗೇ ಆಗ್ತದ ಅನ್ನಾಕ ಗಟ್ಟಿ ಪುರಾವೆ ಇಲ್ಲ. ನಿತ್ಯದ ಸೂಜಿ ಅಷ್ಟ ಹಾಕಿದ್ರೂ ನಡೀತದ. ನೀವ ಹೇಳ್ರಿ."

ನೀವ ಹೇಳ್ರಿ! ಮದುವೆಯಾದ ಆರು ವರ್ಷದಲ್ಲಿ ರೇಣುಕಮ್ಮನನ್ನು ಯಾರು ಹಾಗೆ ಕೇಳಿದ್ದರು? ಬೇರು ಅರೆದು ಕೊಟ್ಟರೆ ಕುಡಿದಿದ್ದಳು, ತಾಯಿತ ಕಟ್ಟಿದರೆ ಕಟ್ಟಿಸಿಕೊಂಡಿದ್ದಳು. ಹೋದ ವರ್ಷದ ಚಿಕಿತ್ಸೆ ಕೈಕೊಟ್ಟಾಗಲೂ ತುಟಿ ಬಿಚ್ಚಿರಲಿಲ್ಲ. ಇದೊಂದು ಸಲ ನೋಡಿ ಬಿಟ್ಟುಬಿಡುವುದೆಂದು ಗಂಡ ಹೆಂಡತಿ ಮಾತಾಡಿಕೊಂಡೇ ಬಂದಿದ್ದರು.

"ಹಾಕಿಸ್ಕೊಂಡುಬಿಡು," ಎಂದ ಗಂಡ ಹನುಮಂತು. ಪಾಮನಕಲ್ಲೂರಿನಲ್ಲಿ ಅವನದು ಕುರಿ ಸಾಕುವ ಮನೆತನ. "ಸೊರಗಿದ ಕುರಿಗೆ ನಾ ಸಿರಿಂಜಿನಾಗ ಒಂದು ಗೀಟು ಔಷಧಿ ಹೆಚ್ಚಿಗಿ ಏರಸಾಂಗಿಲ್ಲೇನು?"

"ನಾ ಕುರಿ ಅಲ್ಲ."

ರೇಣುಕಮ್ಮ ಡಾಕ್ಟರಮ್ಮನ ಕಡೆ ತಿರುಗಿದಳು. "ಬ್ಯಾಡ್ರಿ ಡಾಕ್ಟರಮ್ಮ. ನಿತ್ಯದ್ದು ಅಷ್ಟ ಸಾಕು."

ಊರಿಗೆ ಮರಳುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಆ ಧೈರ್ಯವೆಲ್ಲ ಇಳಿದುಹೋಗಿತ್ತು. "ಈ ಸಲನೂ ಆಗಲಿಲ್ಲಂದ್ರ, ನಾ ಬ್ಯಾಡ ಅಂದಿದ್ದನ್ನ ಎಲ್ಲಾರೂ ಹಿಡಕೊಂಡು ಕುಂದ್ರತಾರ," ಎಂದಳು. "ನೀವೂ."

ಹನುಮಂತು ಔಷಧಿಯಿದ್ದ ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಲೇ ಕೂತ.

ಅತ್ತೆ ಮಾರೆಮ್ಮ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

"ಇನ್ನೊಂದು ಸೂಜಿ ಐತಿ ಅಂದ್ರು," ಹನುಮಂತು ಚಪ್ಪಲಿ ಬಿಡುತ್ತ ಹೇಳಿದ. "ನಾನ ಬ್ಯಾಡ ಅಂದೆ."

"ಅಯ್ಯ ಹುಚ್ಚಪ್ಯಾಲಿ! ಐತಿ ಅಂದ್ರ ಬ್ಯಾಡ ಅಂತಾರೇನೋ? ನಾಳೆ ಆಗದಿದ್ರ?"

"ನನ್ನ ಬೈ. ಆಕಿನ್ನ ಒಂದು ಮಾತು ಅನಬ್ಯಾಡ."

ರೇಣುಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆರು ವರ್ಷದಲ್ಲಿ ಗಂಡನ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಸಂಜೆ ಏಳಕ್ಕೆ ನಿತ್ಯದ ಸೂಜಿ. ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದಂತೆ ಹನುಮಂತು ಎರಡೆರಡು ಸಲ ಕೈ ತೊಳೆದ. ನೂರಾರು ಕುರಿಗೆ ಚುಚ್ಚಿದ ಅವನು ಸಿರಿಂಜಿಗೆ ಔಷಧಿ ಎಳೆದು ಬಲ್ಬಿನ ಬೆಳಕಿಗೆ ಹಿಡಿದ. ಗೀಟಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಒಂದು ಗಳಿಗೆ ಹಾಗೇ ನೋಡಿದ, ಆಮೇಲೆ ಮೆಲ್ಲಗೆ ಒತ್ತಿದ. ಹನಿಯೊಂದು ಸೂಜಿಯ ತುದಿಯಲ್ಲಿ ತೂಗಿ ನೆಲಕ್ಕೆ ಬಿತ್ತು.

"ಗೀಟಿಗೆ ಸರಿ ಐತೇನು, ನೀನ ಹೇಳು," ಎಂದ.

ರೇಣುಕಮ್ಮ ಬಗ್ಗಿ ನೋಡಿದಳು. "ಸರಿ ಐತಿ," ಎಂದು ಹೊಟ್ಟೆಯ ಮೇಲಿನ ಸೆರಗನ್ನು ತಾನೇ ಸರಿಸಿದಳು.