ಗೇಟಿನಾಚೆಯ ಹಾಜರಿ

ಗಡಿಯಾರ ಮೇಷ್ಟ್ರು ಹಾಜರಿ ಕರೆಯುವ ಚೆಂದವನ್ನು ನೋಡಿಯೇ ನಂಬಬೇಕು. ಹೊತ್ತು ತಪ್ಪದ್ದಕ್ಕೆ ಆ ಅಡ್ಡಹೆಸರು. ಲೆಕ್ಕ ಹೇಳಿಕೊಡುವ ಅವರು ಹತ್ತನೇ ತರಗತಿಗೆ ಕ್ಲಾಸ್ ಟೀಚರ್ ಕೂಡ. ಬೆಳಗ್ಗೆ ಒಳಗೆ ಬಂದವರೇ ಕುರ್ಚಿ ಎಳೆದು ಕೂತು, ಹಾಜರಿ ಪುಸ್ತಕ ಬಿಡಿಸಿ ತಲೆ ಬಗ್ಗಿಸಿದರೆಂದರೆ ಮುಗಿಯುವ ತನಕ ಎತ್ತುತ್ತಿರಲಿಲ್ಲ. ಹೆಸರು ಕರೆಯುವ ರೂಢಿ ಅವರದಲ್ಲ. ಹೆಸರುಗಳು ಉದ್ದ, ಕರೆಯುತ್ತ ಕೂತರೆ ಹೊತ್ತು ದಂಡ. "ಒಂದು" ಎಂದರೆ ಒಂದು "ಹಾಜರ್ ಸಾರ್", "ಎರಡು" ಎಂದರೆ ಇನ್ನೊಂದು "ಹಾಜರ್ ಸಾರ್". ಪಕ್ಕದ ಕ್ಲಾಸಿನ ಟೀಚರ್ ಕನ್ನಡಕ ಹುಡುಕಿಕೊಳ್ಳುವಷ್ಟರಲ್ಲಿ ಇವರು ಹಾಜರಿ ಮುಗಿಸಿ ಬೋರ್ಡಿನ ಮೇಲೆ ಮೊದಲ ಸಮೀಕರಣ ಬರೆದಿರುತ್ತಿದ್ದರು.

ಅವರ ಗಂಟಲೂ ಬಲು ದೊಡ್ಡದು. ಕ್ಲಾಸಿನ ಕಿಟಕಿಗಳು ರಸ್ತೆಯ ಕಡೆಗಿದ್ದವು, ಕಾಂಪೌಂಡಿನಾಚೆಗೆ ಬಸ್ ಸ್ಟಾಪು. "ನಿಮ್ಮ ದೆಸೆಯಿಂದ ಬಸ್ಸಿಗೆ ಕಾಯೋರಿಗೆಲ್ಲ ಬೀಜಗಣಿತ ಬಂತಲ್ರೀ, ಫೀಸು ವಸೂಲಿ ಮಾಡಿ" ಎಂದು ಚರಿತ್ರೆ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಛೇಡಿಸುತ್ತಿದ್ದರು. ಅವರಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಆದ್ದರಿಂದ ಆ ಸಲಿಗೆ ನಡೆಯುತ್ತಿತ್ತು.

ಆ ವರ್ಷದ ಮೊದಲಲ್ಲಿ ಬಂದ ಗೇಟಿನ ನಿಯಮ ಈ ಗಡಿಯಾರ ಮೇಷ್ಟ್ರದೇ ಕೂಸು. ಎರಡನೇ ಬೆಲ್ಲು ಹೊಡೆದ ಮೇಲೆ ಗೇಟು ಮುಚ್ಚಬೇಕು. ಆಮೇಲೆ ಬಂದ ಮಕ್ಕಳಿಗೆ ಆ ದಿನ ಶಾಲೆಯಿಲ್ಲ. ಹೆಡ್ ಮಿಸ್ ಮೊದಲು ಅನುಮಾನಿಸಿದರು. "ಒಂದು ವಾರ ಬಿಗಿ ಮಾಡಿ ನೋಡಿ ಮೇಡಂ, ತಾನಾಗಿ ದಾರಿಗೆ ಬರ್ತಾರೆ" ಎಂದು ಮೇಷ್ಟ್ರು ಒಪ್ಪಿಸಿದರು. ಅವರ ಮಾತು ನಿಜವೂ ಆಯಿತು. ಮೂಲೆಯ ಅಂಗಡಿಯ ಮುಂದೆ ಹರಟುತ್ತಿದ್ದವರೆಲ್ಲ ಬೆಲ್ಲಿನ ಮೊದಲೇ ಒಳಗಿರತೊಡಗಿದರು. ತಡವಾಗಿ ಬರುವ ಪಿಡುಗು ಬೇರುಸಹಿತ ಹೋಯಿತೆಂದು ಮೇಷ್ಟ್ರು ಒಳಗೊಳಗೇ ಬೀಗಿದರು. ಬೀಗುವುದಕ್ಕೆ ಆಧಾರ ಅವರದೇ ಹಾಜರಿ ಪುಸ್ತಕ. ತಾವು ಬರೆದದ್ದನ್ನು ತಾವೇ ಓದಿ ಸಂತೋಷಪಡುವವರಿಗೆ ಹೇಳುವವರು ಯಾರು.

ಆ ವಾರ ಹತ್ತನೇ ತರಗತಿಯವರ ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗಬೇಕಿತ್ತು. ಹಾಜರಿ ಸಾಲದವರು ಪರೀಕ್ಷೆಗೆ ಕೂರುವಂತಿಲ್ಲ, ವರ್ಷವೇ ಹೋಗುತ್ತದೆ. ತಮ್ಮ ಕ್ಲಾಸಿನಲ್ಲಿ ಒಬ್ಬರೂ ಕಡಿಮೆ ಬಿದ್ದಿಲ್ಲವೆಂದು ಮೇಷ್ಟ್ರು ಹೆಡ್ ಮಿಸ್ಸಿಗೆ ಹೇಳಿ ಬಂದಿದ್ದರು. ಮಾರನೆಯ ಬೆಳಗ್ಗೆಯೇ ಅವರ ಗಂಟಲು ಕೈಕೊಟ್ಟಿತು.

ಬಾಯಿ ತೆರೆದರೆ ಗಾಳಿ ಬಿಟ್ಟು ಏನೂ ಹೊರಡಲಿಲ್ಲ. ಉಪ್ಪುನೀರು ಮುಕ್ಕಳಿಸಿದರು, ಬಿಸಿನೀರು ಕುಡಿದರು, ಪ್ರಯೋಜನವಾಗಲಿಲ್ಲ. "ರಜಾ ಹಾಕಿ" ಎಂದಳು ಹೆಂಡತಿ. ಅವರು ಒಲ್ಲೆನೆಂದು ತಲೆಯಾಡಿಸಿದರು. "ಹಾಗಾದ್ರೆ ಸಂಜೆ ತನಕ ಹೀಗೇ ಇರಲಿ. ಮದುವೆಯಾದ ಮೇಲೆ ಇವತ್ತೇ ನೋಡಿ, ನಾನು ಹೇಳಿದ್ದು ಪೂರ್ತಿ ನಿಮ್ಮ ಕಿವಿಗೆ ಬಿದ್ದಿರೋದು" ಎಂದಳು. ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಕ್ಲಾಸಿಗೆ ಬಂದು ಬೋರ್ಡಿನ ಮೇಲೆ ಬರೆದರು: ಗಂಟಲು ಸರಿಯಿಲ್ಲ. ನಂಬರಿನ ಪ್ರಕಾರ ಒಬ್ಬೊಬ್ಬರೇ ಎದ್ದು ನಿಲ್ಲಿ. ನೋಡಿ ಗುರುತು ಹಾಕುತ್ತೇನೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಷ್ಟ್ರಿಗೆ ಅದು ತಮ್ಮ ಗಂಟಲಿನ ಮೇಲಿನ ಕನಿಕರದ ಹಾಗೆ ಕಂಡಿತು. ಒಬ್ಬರು ಎದ್ದು ಕೂತರು, ಇನ್ನೊಬ್ಬರು ಎದ್ದರು. ಎಷ್ಟೋ ಮುಖಗಳನ್ನು ಮೇಷ್ಟ್ರು ನೆಟ್ಟಗೆ ನೋಡುತ್ತಿದ್ದದ್ದು ಅದೇ ಮೊದಲು. ಹನ್ನೊಂದನೇ ನಂಬರಿಗೆ ಮೀಸೆ ಮೂಡಿತ್ತು. ಹದಿನೆಂಟನೆಯವನು ಕನ್ನಡಕ ಹಾಕಿದ್ದ, ಯಾವಾಗಿನಿಂದಲೋ ಏನೋ. ಇಪ್ಪತ್ತೆರಡು ಎದ್ದು ಕೂತಿತು. ಆಮೇಲೆ ಯಾರೂ ಏಳಲಿಲ್ಲ.

ಮೇಷ್ಟ್ರು ಕಾದರು. ಸಣ್ಣ ದನಿಯವಳಾದ್ದರಿಂದ ಎಲ್ಲರೂ ಪಿಟೀಲು ಎನ್ನುತ್ತಿದ್ದ ಇಪ್ಪತ್ತನಾಲ್ಕನೇ ನಂಬರಿನ ಹುಡುಗಿ ಅರ್ಧ ಎದ್ದಳು, ಕೂತಳು, ಮತ್ತೆ ಎದ್ದಳು. ದನಿಯನ್ನಾದರೆ ಎರಡು ಮಾಡಿಕೊಳ್ಳಬಹುದು, ಮೈಯನ್ನು ಮಾಡಿಕೊಳ್ಳುವುದು ಹೇಗೆ. ಮೇಷ್ಟ್ರು ಬೋರ್ಡಿನ ಹತ್ತಿರ ಹೋಗಿ 23 ಎಂದು ಬರೆದು ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಹಾಕಿದರು.

ಅವರು ಕೂಗಾಡಿದ್ದರೆ ಮಕ್ಕಳು ತಲೆ ತಗ್ಗಿಸಿ ಕೂತು ಪಾರಾಗುತ್ತಿದ್ದರು. ಆ ಕೂಗಾಟಕ್ಕೆ ಅವರ ಕಿವಿ ಒಗ್ಗಿತ್ತು. ಸುಮ್ಮನೆ ನಿಂತು ನೋಡುವ ಗಡಿಯಾರ ಮೇಷ್ಟ್ರನ್ನು ಅವರು ಯಾವತ್ತೂ ಕಂಡಿರಲಿಲ್ಲ. ಪಿಟೀಲು ಬಾಯಿ ಬಿಟ್ಟಳು.

"ಅವಳ ಹಾಜರಿ ನಾನೇ ಹೇಳ್ತಿದ್ದೆ ಸಾರ್. ದನಿ ಬದಲಾಯಿಸಿ."

ಮೇಷ್ಟ್ರು ಬರೆದರು: ಯಾವಾಗಿನಿಂದ?

"ಗೇಟಿನ ರೂಲ್ಸ್ ಬಂದಾಗಿನಿಂದ ಸಾರ್."

ಪಿಟೀಲು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಇಪ್ಪತ್ತಮೂರನೇ ನಂಬರಿನ ಹುಡುಗಿಯ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ, ಬೆಳಕು ಹರಿಯುವ ಮೊದಲೇ ಹೊರಡಬೇಕು. ಅಪ್ಪ ಲಾರಿ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲೊಂದು ಪುಟ್ಟ ತಂಗಿ. ಅದನ್ನು ಶಿಶುವಿಹಾರಕ್ಕೆ ಬಿಟ್ಟು ಬರಬೇಕು. ಶಿಶುವಿಹಾರದವರೂ ಗಡಿಯಾರದವರೇ, ಹೊತ್ತಿಗೆ ಮುಂಚೆ ಬಾಗಿಲು ತೆಗೆಯರು. "ಅಲ್ಲಿ ಬಾಗಿಲು ತೆಗೆಯೋ ಹೊತ್ತಿಗೆ ಇಲ್ಲಿ ಗೇಟು ಹಾಕ್ತಾರೆ ಸಾರ್. ಎಷ್ಟು ಓಡಿದ್ರೂ ಆಗಲ್ಲ. ಟೆಸ್ಟ್ ದಿನ ಮಾತ್ರ ಪಕ್ಕದ ಮನೆಯೋರ ಕೈಕಾಲು ಹಿಡಿದು ಬರ್ತಿದ್ಲು."

ಮೇಷ್ಟ್ರು ಕುರ್ಚಿಗೆ ಬಂದು ಕೂತರು. ಟೆಸ್ಟಿನಲ್ಲಿ ಇಪ್ಪತ್ತಮೂರಕ್ಕೆ ಒಳ್ಳೆಯ ಅಂಕ ಬಂದದ್ದು ನೆನಪಿತ್ತು, ಮುಖ ಮಾತ್ರ ನೆನಪಾಗಲಿಲ್ಲ. ಹೆಸರಿಗಾಗಿ ಪುಸ್ತಕ ನೋಡಬೇಕಾಯಿತು. ಆ ಹೆಸರಿನ ಮುಂದೆ ಅವರದೇ ಕೈಯ ಗುರುತುಗಳು ಎಲ್ಲಿಯೂ ತಪ್ಪದೆ ಸಾಲಾಗಿ ನಿಂತಿದ್ದವು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಚರಿತ್ರೆ ಮೇಷ್ಟ್ರಿಗೆ ಚೀಟಿಯ ಮೇಲೆ ಬರೆದು ತೋರಿಸಿದರು. ಅವರು ಓದಿ, ಚೀಟಿಯನ್ನು ಚೂರು ಮಾಡಿ ಬುಟ್ಟಿಗೆ ಹಾಕಿದರು.

"ನೋಡಿ, ನಾಳೆ ಪಟ್ಟಿ ಹೋಗುತ್ತೆ. ಪುಸ್ತಕದಲ್ಲಿ ಹುಡುಗಿ ಹಾಜರಿದಾಳೆ. ನೀವು ತಿದ್ದಿದ್ರೆ ಅವಳ ವರ್ಷ ಹೋಗುತ್ತೆ, ನಿಮ್ಮ ಮಾನವೂ ಹೋಗುತ್ತೆ. ಹೇಗೂ ಗಂಟಲಿಲ್ಲ, ಸುಮ್ಮನಿದ್ದುಬಿಡಿ."

ಗಡಿಯಾರ ಮೇಷ್ಟ್ರಿಗೆ ಅದು ನುಂಗಲಾರದ, ಉಗುಳಲಾರದ ತುತ್ತಾಯಿತು. ನಿಜ ಹೇಳಿದರೆ ಚೆನ್ನಾಗಿ ಓದುವ ಹುಡುಗಿ ಮನೆಯಲ್ಲಿ ಕೂರುತ್ತಾಳೆ. ಹೇಳದಿದ್ದರೆ ತಮ್ಮ ಸಹಿಯ ಕೆಳಗೆ ಸುಳ್ಳು ಉಳಿಯುತ್ತದೆ. ಇಷ್ಟು ವರ್ಷ ನಿಮಿಷದ ಲೆಕ್ಕಕ್ಕೂ ತಪ್ಪದೆ ಬದುಕಿದ ಮನುಷ್ಯ ಅವರು. ಸಂಜೆ ಮನೆಯಲ್ಲಿ ಹೆಂಡತಿ ಇಟ್ಟ ಊಟ ಅರ್ಧ ಬಿಟ್ಟೆದ್ದರು. ಗಂಟಲು ನೋವೆಂದು ಅವಳು ತಿಳಿದಳು, ಅವರು ಹಾಗೆಯೇ ತಿಳಿಯಲಿ ಎಂದು ಬಿಟ್ಟರು. ಅವರಿಗೆ ಒಂದೇ ಯೋಚನೆ: ಏನು ಮಾಡುವುದಕ್ಕೂ ಮುಂಚೆ ಆ ಹುಡುಗಿಯ ಮುಖವನ್ನೊಮ್ಮೆ ನೋಡಬೇಕು.

ಮರುದಿನ ಅವರು ಸ್ಟಾಫ್ ರೂಮಿಗೆ ಹೋಗದೆ ಗೇಟಿನಲ್ಲಿಯೇ ನಿಂತರು. ಮೊದಲ ಬೆಲ್ಲಾಯಿತು, ಎರಡನೆಯದೂ ಆಯಿತು. ಕಾವಲುಗಾರ ಗೇಟು ಎಳೆಯಲು ಬಂದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಓಡೋಡಿ ಬರುವುದು ಕಂಡಿತು. ಮೇಷ್ಟ್ರು ಬಾ ಎಂದು ಕೈ ಎತ್ತಿದರು. ಹುಡುಗಿ ಅವರನ್ನು ಕಂಡಳು, ಗಕ್ಕನೆ ನಿಂತಳು, ತಿರುಗಿ ಬಂದ ದಾರಿಗೇ ಹೆಜ್ಜೆ ಹಾಕಿದಳು. ಗಡಿಯಾರ ಮೇಷ್ಟ್ರು ಗೇಟಿನಲ್ಲಿ ಕೈ ಎತ್ತಿ ನಿಂತಿದ್ದರೆ ಮಕ್ಕಳಿಗೆ ಅದರ ಅರ್ಥ ಇನ್ನೇನಿರುತ್ತದೆ.

ಕೂಗಬೇಕೆಂದು ಅವರು ಬಾಯಿ ತೆರೆದರು. ಬಸ್ ಸ್ಟಾಪಿನಾಚೆಗೂ ಮುಟ್ಟುತ್ತಿದ್ದ ಗಂಟಲು ತುಟಿಯನ್ನೂ ದಾಟಲಿಲ್ಲ. ಬೇರೆ ದಾರಿ ಕಾಣದೆ ಓಡಿದರು. ಕೀಲು ಸಡಿಲವಾದ ವಯಸ್ಸು, ಜೇಬಿನಿಂದ ಪೆನ್ನು ಬಿತ್ತು, ಚಪ್ಪಲಿ ಜಾರಿತು. ಗಡಿಯಾರ ಮೇಷ್ಟ್ರು ಓಡುವುದನ್ನು ನೋಡಿ ಅಂಗಡಿಯವನು ತಕ್ಕಡಿ ಹಿಡಿದು ಹಾಗೆಯೇ ನಿಂತ.

ಹುಡುಗಿ ದೂರ ಹೋಗಿರಲಿಲ್ಲ. ಬಸ್ ಸ್ಟಾಪಿನ ಕಲ್ಲು ಬೆಂಚಿನ ತುದಿಯಲ್ಲಿ, ಕಾಂಪೌಂಡಿಗೆ ಬೆನ್ನು ಹತ್ತಿಸಿ, ತೊಡೆಯ ಮೇಲೆ ನೋಟ್ ಪುಸ್ತಕ ಬಿಡಿಸುತ್ತಿದ್ದಳು. ಮೇಷ್ಟ್ರನ್ನು ಕಂಡು ದಡಬಡಿಸಿ ಎದ್ದಳು.

ಮೇಷ್ಟ್ರು ಏದುಸಿರು ಬಿಡುತ್ತ ಬೆಂಚು ತೋರಿಸಿ, ಗಾಳಿಯಂಥ ದನಿಯಲ್ಲಿ ಕೇಳಿದರು: "ಇಲ್ಲೇನು ಮಾಡ್ತೀಯ?"

"ಇಲ್ಲೇ ಕೂತಿರ್ತೀನಿ ಸಾರ್. ಮಧ್ಯಾಹ್ನ ಕ್ಲಾಸಿನವರು ಕಾಂಪೌಂಡ್ ಮೇಲಿಂದ ನೋಟ್ಸ್ ಕೊಡ್ತಾರೆ. ಲೆಕ್ಕಕ್ಕೆ ನೋಟ್ಸ್ ಬೇಕಾಗಲ್ಲ, ನೀವು ಹೇಳೋದು ಇಲ್ಲಿಗೇ ಕೇಳಿಸುತ್ತೆ." ಅವಳು ನೋಟ್ ಪುಸ್ತಕ ಮುಂದೆ ಹಿಡಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದಳು. ಆಮೇಲೆ ತಡೆಯಲಾರದೆ ಕೇಳಿದಳು: "ನಿನ್ನೆ ಕೇಳಿಸಲೇ ಇಲ್ಲ ಸಾರ್. ನಿಮಗೆ ಹುಷಾರಿಲ್ವಾ?"

ಮೇಷ್ಟ್ರು ಪುಸ್ತಕ ತಿರುವಿದರು. ಅವರ ಪಾಠಗಳೆಲ್ಲ ಅಲ್ಲಿದ್ದವು. ಬಸ್ಸು ಸದ್ದು ಮಾಡಿ ಮುಳುಗಿಸಿದ ಕಡೆ ಮಾತ್ರ ಖಾಲಿ ಬಿಟ್ಟು, ಆಮೇಲೆ ತಾನೇ ಬಿಡಿಸಿ ತುಂಬಿದ್ದಳು. ನಿನ್ನೆಯ ಪುಟದಲ್ಲಿ ತಾರೀಖು ಬಿಟ್ಟರೆ ಏನೂ ಇರಲಿಲ್ಲ. ಮೇಷ್ಟ್ರಿಗೆ ಅಳು ಬಂತು. ಬೀದಿಯಲ್ಲಿ ಹಾಗೆ ಅತ್ತವರಲ್ಲ ಅವರು. ಕನ್ನಡಕ ಒರೆಸಿಕೊಂಡು, ಅವಳ ಚೀಲ ತಾವೇ ಎತ್ತಿಕೊಂಡು, ಬಾ ಎಂದು ಕೈ ಮಾಡಿದರು.

ಗೇಟು ಮುಚ್ಚಿತ್ತು. ಕಾವಲುಗಾರ ಸಂದಿಯಲ್ಲಿ ಇಣುಕಿದ.

"ನೀವು ಬನ್ನಿ ಸಾರ್. ಹುಡುಗಿ ಬೇಡ. ಯಾರೇ ಕೇಳಿದ್ರೂ ತೆಗೀಬೇಡ, ನಾನು ಕೇಳಿದ್ರೂ ತೆಗೀಬೇಡ ಅಂತ ನೀವೇ ಹೇಳಿದ್ದೀರಿ." ಅಪ್ಪಣೆಯನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡ ಹೆಮ್ಮೆ ಅವನ ಮುಖದ ಮೇಲೆ ಇತ್ತು. ಮೇಷ್ಟ್ರು ಒಳಗೆ ಹೋಗಲಿಲ್ಲ. ಹೆಡ್ ಮಿಸ್ಸನ್ನು ಕರೆ ಎಂದು ಸನ್ನೆ ಮಾಡಿ, ಹುಡುಗಿಯ ಪಕ್ಕದಲ್ಲಿ ಗೇಟಿನ ಹೊರಗೇ ನಿಂತರು. ಶಾಲೆ ಹೊರಗಿನಿಂದ ಹೇಗೆ ಕಾಣುತ್ತದೆಂದು ಅವರಿಗೆ ಆವತ್ತು ತಿಳಿಯಿತು. ಗೋಡೆ ತುಂಬ ಎತ್ತರವಾಗಿ ಕಂಡಿತು.

ಹೆಡ್ ಮಿಸ್ ಬಂದರು, ಹಿಂದೆಯೇ ಚರಿತ್ರೆ ಮೇಷ್ಟ್ರು. "ಇದೇನು, ನೀವು ಹೊರಗೆ?" ಎಂದು ಹೆಡ್ ಮಿಸ್ ಕಣ್ಣರಳಿಸಿದರು. "ಬೆಲ್ಲಿಗೆ ಮುಂಚೆನೇ ಸ್ಟಾಫ್ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿ ಬಿದ್ದಿದೆಯಲ್ಲ."

ಗಡಿಯಾರ ಮೇಷ್ಟ್ರು ಗೆಳೆಯನ ಕಡೆ ನೋಡಿದರು. ಚರಿತ್ರೆ ಮೇಷ್ಟ್ರು ಇದ್ದಕ್ಕಿದ್ದ ಹಾಗೆ ಗೇಟಿನ ಪಕ್ಕದ ಮರ ನೋಡತೊಡಗಿದರು. ಒಂದು ದಿನವೂ ತಡವಾಗದ ಗೆಳೆಯನಿಗೆ ತಡದ ಗುರುತು ಬೀಳದಿರಲಿ ಎಂದು, ಆತನ ಸಹಿಯನ್ನು ತಾವೇ ಹಾಕಿದ್ದರು. ಥೇಟು ಪಿಟೀಲಿನ ಕೆಲಸ. ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಿನ್ನೆಯಿಂದ ಆ ಮಕ್ಕಳ ಮೇಲೆ ಹೊಟ್ಟೆಯಲ್ಲಿ ಉಳಿದಿದ್ದ ಕಹಿಯೂ ಅದರ ಜೊತೆಗೆ ಹೋಯಿತು.

"ಅದು ನನ್ನ ಸಹಿ ಅಲ್ಲ ಮೇಡಂ" ಎಂದು ಪಿಸುಗುಟ್ಟಿದರು. "ತಡವಾಗಿದೆ. ತಡ ಅಂತಲೇ ಬರೀರಿ."

ಆಫೀಸಿನಲ್ಲಿ ಅವರು ನಡೆದದ್ದನ್ನೆಲ್ಲ ಹೇಳಿದರು, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಅಲ್ಲ, ಇದ್ದದ್ದು ಇದ್ದ ಹಾಗೆ. ಹೆಡ್ ಮಿಸ್ ಹುಡುಗಿಯನ್ನು ನೋಡಿ, ಮೇಷ್ಟ್ರ ಕಡೆ ತಿರುಗಿದರು.

"ವಿನಾಯಿತಿ ಕೊಡೋ ಅಧಿಕಾರ ನನಗಿದೆ. ಆದ್ರೆ ಹಾಜರಿ ಸಾಲದೆ ಹೋದ ಕಾರಣವನ್ನ ಕ್ಲಾಸ್ ಟೀಚರ್ ಬರೆದು ಕೊಡಬೇಕು. ಏನಂತ ಬರೀತೀರಿ? ಕಾಯಿಲೆ ಅಂತ ಬರೆದ್ರೆ ಯಾರೂ ಕೇಳಲ್ಲ."

ಮೇಷ್ಟ್ರು ಕಾಗದ ಎಳೆದುಕೊಂಡು ಬರೆದರು. ವಿದ್ಯಾರ್ಥಿನಿ ದಿನವೂ ಶಾಲೆಗೆ ಬಂದಿದ್ದಾಳೆ. ಗೇಟು ಮುಚ್ಚಿಸಿದವನು ನಾನು. ಮುಖ ನೋಡದೆ ಹಾಜರಿ ಹಾಕಿದವನೂ ನಾನೇ.

ಹೆಡ್ ಮಿಸ್ ಓದಿದರು. "ಇದು ನಿಮ್ಮ ಸರ್ವಿಸ್ ಫೈಲಿಗೂ ಹೋಗುತ್ತೆ. ರಿಟೈರ್ ಆಗೋ ಹೊತ್ತಲ್ಲಿ."

"ಹೋಗಲಿ ಮೇಡಂ. ಹೊತ್ತಿಗೆ ಸರಿಯಾಗಿಯೇ ಹೋಗುತ್ತಲ್ಲ."

ಹೆಡ್ ಮಿಸ್ ನಕ್ಕು ಸಹಿ ಹಾಕಿದರು. ಮಧ್ಯಾಹ್ನ ಹೊರಟ ಪಟ್ಟಿಯಲ್ಲಿ ಹುಡುಗಿಯ ಹೆಸರು ಇತ್ತು, ಮುಂದೆ ವಿನಾಯಿತಿ ಎಂಬ ಷರಾ ಇತ್ತು. ಎರಡನೇ ಬೆಲ್ಲಿನ ಮೇಲೂ ಗೇಟಿನ ಸಣ್ಣ ಬಾಗಿಲು ತೆರೆದಿರಬೇಕೆಂದು ಅಪ್ಪಣೆಯಾಯಿತು. ತಡವಾಗಿ ಬಂದವರು ಕಾರಣ ಹೇಳಿ ಒಳಗೆ ಬರಬಹುದು. ಕಾವಲುಗಾರನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಮುಂದಿನ ವಾರ ಮೇಷ್ಟ್ರ ಗಂಟಲು ಮುಕ್ಕಾಲು ಪಾಲು ಮರಳಿತು. ಆ ಬೆಳಗ್ಗೆ ಅವರು ಪುಸ್ತಕ ಬಿಡಿಸಿ, ತಲೆ ಎತ್ತಿ, ಹೆಸರು ಹಿಡಿದು ಕರೆಯತೊಡಗಿದರು. ಹೊತ್ತು ಹಿಡಿಯಿತು. ಇಪ್ಪತ್ತೆರಡಾದ ಮೇಲೆ ಒಂದು ಜಾಗ ಖಾಲಿ ಬಿಟ್ಟು ಇಪ್ಪತ್ತನಾಲ್ಕಕ್ಕೆ ಹೋದರು. ಹಾಜರಿ ಮುಗಿದು, ಬೋರ್ಡಿನ ಮೇಲೆ ಸಮೀಕರಣ ಅರ್ಧವಾಗಿದ್ದಾಗ ಬಾಗಿಲಲ್ಲಿ ಏದುಸಿರು ಕೇಳಿಸಿತು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಪುಸ್ತಕ ಮತ್ತೆ ಬಿಡಿಸಿ, ಖಾಲಿ ಬಿಟ್ಟಿದ್ದ ಹೆಸರನ್ನು ಕರೆದರು.

"ಹಾಜರ್ ಸಾರ್" ಎಂದು ಎರಡು ದನಿಗಳು ಒಟ್ಟಿಗೆ ಕೇಳಿಸಿದವು. ಒಂದು ಬಾಗಿಲಿನಿಂದ, ಇನ್ನೊಂದು ಪಿಟೀಲಿನ ಬೆಂಚಿನಿಂದ. ಪಿಟೀಲು ಬಾಯಿಗೆ ಕೈ ಅಡ್ಡ ಹಿಡಿದಳು. ಇಡೀ ಕ್ಲಾಸು ಮೇಷ್ಟ್ರ ಮುಖ ನೋಡಿತು.

"ಇನ್ನು ಒಬ್ಬಳು ಹೇಳಿದ್ರೆ ಸಾಕಮ್ಮ" ಎಂದು ಮೇಷ್ಟ್ರು ಬಾಗಿಲ ಕಡೆಗೇ ನೋಡುತ್ತ ಗುರುತು ಹಾಕಿದರು.